ವೆಲ್ಷ್ ಮತ್ತು ಹಳೆಯ ಇಂಗ್ಲಿಷ್: ಕನ್ನಡ ಬಲ್ಲವರು ಹೋಲಿಸಿ ನೋಡುವುದು ಹೇಗೆ?

"ವೆಲ್ಷ್ ಅಂದ್ರೆ ಹಳೇ ಕಾಲದ ಇಂಗ್ಲಿಷ್ ತಾನೇ?" ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಕೇಳುವವರ ತಪ್ಪೂ ಅಲ್ಲ. ವೆಲ್ಷ್ ಬ್ರಿಟನ್ನಿನ ಪಶ್ಚಿಮದಲ್ಲಿರುವ ವೇಲ್ಸ್ ನಾಡಿನ ಮಾತು, ಇಂಗ್ಲಿಷ್ ಪಕ್ಕದ ಇಂಗ್ಲೆಂಡಿನದು. ಎರಡೂ ಒಂದೇ ದ್ವೀಪದ ಮಾತುಗಳು. ಬರಹದಲ್ಲಿ ನೋಡಿದರೆ ಅಕ್ಷರಗಳು ಪರಿಚಿತ, ಪದಗಳು ಮಾತ್ರ ಒಂದೂ ಅರ್ಥವಾಗುವುದಿಲ್ಲ. ಹಾಗಾಗಿ ಎರಡನ್ನೂ ಒಂದೇ ಗಂಟಿಗೆ ಕಟ್ಟಿಬಿಡುತ್ತೇವೆ.

ವೆಲ್ಷ್ ಇಂಗ್ಲಿಷಿನ ಅಜ್ಜಿ ಅಲ್ಲ, ಅಕ್ಕನೂ ಅಲ್ಲ. ವಂಶವೃಕ್ಷದ ಲೆಕ್ಕದಲ್ಲಿ ಇಂಗ್ಲಿಷಿಗೆ ಹಿಂದಿ ಎಷ್ಟು ದೂರವೋ ವೆಲ್ಷ್ ಕೂಡ ಹೆಚ್ಚೂಕಡಿಮೆ ಅಷ್ಟೇ ದೂರ. ಒಂದೇ ಮೂಲ, ಬೇರೆ ಬೇರೆ ಕವಲು. ಇದನ್ನು ನಾನು ಹೇಳಿದೆ ಎಂದು ನಂಬಬೇಕಾಗಿಲ್ಲ, ನೀವೇ ಹೋಲಿಸಿ ನೋಡಬಹುದು. ಕನ್ನಡ ಬಲ್ಲವರ ಕೈಯಲ್ಲಿ ಮೂರು ಸಲಕರಣೆ ಮೊದಲೇ ಇವೆ. ಒಂದು, ನಮ್ಮ ಮಾತಿನೊಳಗೆ ಬಂದು ಕೂತಿರುವ ಸಂಸ್ಕೃತ ಪದಗಳು. ಎರಡು, ಹೈಸ್ಕೂಲಿನಲ್ಲಿ ಬೈದುಕೊಂಡು ಕಲಿತ ಸಂಧಿ. ಮೂರು, ವಿಭಕ್ತಿ. ಇವುಗಳ ಜೊತೆಗೆ ಒಂದು ನೋಟ್‌ಬುಕ್ಕು, ಒಂದೆರಡು ಭಾನುವಾರ ಸಾಕು.

ಹೆಜ್ಜೆ 1: ಯಾವ ಕಾಲದ ಇಂಗ್ಲಿಷ್ ಅಂತ ಮೊದಲು ಗೊತ್ತು ಮಾಡಿಕೊಳ್ಳಿ

ಹಳೆಯ ಇಂಗ್ಲಿಷ್ ಎಂದ ಕೂಡಲೇ ಜಾಸ್ತಿ ಜನಕ್ಕೆ ನೆನಪಾಗುವುದು ಷೇಕ್ಸ್‌ಪಿಯರ್. ಅವನು ಬರೆದದ್ದು 1600ರ ಆಸುಪಾಸಿನಲ್ಲಿ. ಭಾಷೆಯ ಲೆಕ್ಕದಲ್ಲಿ ಅದು ಹೊಸ ಇಂಗ್ಲಿಷೇ. ಅವನಿಗಿಂತ ಇನ್ನೂರು ವರ್ಷ ಹಿಂದಿನ ಚಾಸರ್ ಬರೆದದ್ದು ನಡುಗಾಲದ ಇಂಗ್ಲಿಷ್. ನಮಗೆ ಬೇಕಾಗಿರುವುದು ಅದಕ್ಕೂ ಹಿಂದಿನದು: ಸುಮಾರು 450ರಿಂದ 1100ರ ಚಿಲ್ಲರೆಯವರೆಗಿನ ಭಾಷೆ. ಈಗಿನ ಉತ್ತರ ಜರ್ಮನಿ, ಡೆನ್ಮಾರ್ಕ್ ಕಡೆಯಿಂದ ದೋಣಿಗಳಲ್ಲಿ ಬಂದ ಆಂಗಲ್, ಸ್ಯಾಕ್ಸನ್, ಜೂಟ್ ಜನರ ಮಾತು ಅದು. ಅವರು ಬ್ರಿಟನ್ನಿಗೆ ಬಂದಿಳಿದು ನೆಲೆ ಹುಡುಕುತ್ತಿದ್ದ ಹೊತ್ತಿಗೆ ಇಲ್ಲಿ ಹಲ್ಮಿಡಿ ಶಾಸನ ಕೊರೆಯುತ್ತಿದ್ದರು. ಕಾಲ ನೆನಪಿಟ್ಟುಕೊಳ್ಳಲು ನನಗೆ ಇದೇ ಗುರುತು.

ಆ ದೋಣಿಗಳು ಬರುವ ಮೊದಲು ದ್ವೀಪದ ದಕ್ಷಿಣದ ಮುಕ್ಕಾಲು ಪಾಲಿನಲ್ಲಿ ಬ್ರಿಟಾನಿಕ್ ಎಂಬ ಭಾಷೆ ಇತ್ತು, ಐರಿಷ್ ಕೂಡ ಸೇರುವ ಕೆಲ್ಟಿಕ್ ಕವಲಿನದು. ರೋಮನ್ನರು 43ರಲ್ಲಿ ಬಂದು ಸುಮಾರು 410ರವರೆಗೆ ಆಳಿದ್ದು ಈ ಜನರನ್ನೇ. ಇದೇ ಬ್ರಿಟಾನಿಕ್‌ನ ಮಕ್ಕಳು ವೆಲ್ಷ್, ಕಾರ್ನಿಷ್ ಮತ್ತು ಫ್ರಾನ್ಸಿನ ಬ್ರೆಟನ್. ಇವುಗಳಲ್ಲಿ ವೆಲ್ಷ್ ಇವತ್ತಿಗೂ ಗಟ್ಟಿ. 2021ರ ಜನಗಣತಿಯಲ್ಲಿ ವೇಲ್ಸ್‌ನ ಸುಮಾರು 5.38 ಲಕ್ಷ ಜನ, ಅಂದರೆ ನೂರಕ್ಕೆ 17.8 ಮಂದಿ, ವೆಲ್ಷ್ ಮಾತಾಡುತ್ತೇವೆ ಎಂದಿದ್ದಾರೆ.

ಇಲ್ಲೊಂದು ಹಳ್ಳವಿದೆ, ಹುಷಾರು. "ವೆಲ್ಷ್ ಇಂಗ್ಲಿಷಿಗಿಂತ ಹಳೆಯದು" ಎಂದು ಎಲ್ಲೆಲ್ಲೂ ಬರೆದಿರುತ್ತಾರೆ. ಆ ದ್ವೀಪಕ್ಕೆ ಮೊದಲು ಬಂದದ್ದು ಎಂಬ ಅರ್ಥದಲ್ಲಿ ಮಾತ್ರ ಅದು ನಿಜ. ಅದೇ ಹೊತ್ತಿಗೆ ಇಂಗ್ಲಿಷಿನ ಪೂರ್ವಿಕ ಭಾಷೆಯನ್ನೂ ಕಡಲಾಚೆ ಜನ ಆಡುತ್ತಲೇ ಇದ್ದರು. ಯಾವ ಭಾಷೆ ಹಳೆಯದು ಎಂಬ ಜಗಳದ ರುಚಿ ನಮಗೆ ಚೆನ್ನಾಗಿ ಗೊತ್ತಲ್ಲ, ಇಲ್ಲಿ ಅದು ಬೇಡ.

ಹೆಜ್ಜೆ 2: ಎರಡು ನಿಘಂಟು, ಒಂದಿಷ್ಟು ಉಚ್ಚಾರಣೆ

ವೆಲ್ಷ್‌ಗೆ ವೇಲ್ಸ್ ವಿಶ್ವವಿದ್ಯಾಲಯದ ದೊಡ್ಡ ನಿಘಂಟು, ಹಳೆಯ ಇಂಗ್ಲಿಷಿಗೆ ಬಾಸ್‌ವರ್ತ್–ಟಾಲರ್ ನಿಘಂಟು. ಎರಡೂ ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತವೆ. ವೆಲ್ಷ್ ನಿಘಂಟಿನಲ್ಲಿ ಪದದ ಹಳೆಯ ರೂಪಗಳನ್ನೂ ಕೊಟ್ಟಿರುತ್ತಾರೆ. ಅದನ್ನು ನೋಡದೆ ಹೋಲಿಕೆಗೆ ಕೂರಬೇಡಿ. ಇವತ್ತಿನ ವೆಲ್ಷ್‌ನಲ್ಲಿ ನೀರಿಗೆ 'ಡೂರ್'. ಹಿಂದೆ ಅದು 'ಡೂವ್ರ್' ಎಂಬಂತಿತ್ತು. ನಡುವಿನ 'ವ' ಕಾಣದಿದ್ದರೆ ಇಂಗ್ಲೆಂಡಿನ ಡೋವರ್ ಬಂದರಿನ ಹೆಸರು ಇದೇ 'ನೀರು' ಎಂದು ಹೊಳೆಯುವುದೇ ಇಲ್ಲ.

ಇಲ್ಲಿ ಎಲ್ಲವನ್ನೂ ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ಅದಕ್ಕೊಂದು ಒಪ್ಪಂದ ಮಾಡಿಕೊಳ್ಳೋಣ. ಟ, ಡ ಎಂದರೆ ಮಾಮೂಲಿ ಇಂಗ್ಲಿಷ್ ಟಿ, ಡಿ. ಥ ಎಂದರೆ 'ಥಿಂಕ್'ನ ಸದ್ದು, ದ ಎಂದರೆ 'ದಿಸ್'ನ ಸದ್ದು. ಖ ಎಂದರೆ ಗಂಟಲಿನಿಂದ ಉಜ್ಜಿ ಬರುವ 'ಖ', ಉರ್ದುವಿನ 'ಖಬರ್'ನಲ್ಲಿರುವಂತೆ. ಹ್ಲ ಎಂದರೆ ನಾಲಿಗೆಯನ್ನು 'ಲ'ಕ್ಕೆ ಇಟ್ಟು ಬರೀ ಗಾಳಿ ಊದುವುದು. ಈ ಕೊನೆಯ ಸದ್ದು ವೆಲ್ಷ್‌ನ ಹೆಗ್ಗುರುತು ಎನ್ನುತ್ತಾರೆ. ಆದರೆ ಹಳೆಯ ಇಂಗ್ಲಿಷಿನಲ್ಲೂ ಅದಕ್ಕೆ ಹತ್ತಿರದ ಸದ್ದು ಇತ್ತು. ಬ್ರೆಡ್ಡಿನ 'ಲೋಫ್' ಆಗ 'ಹ್ಲಾಫ್'. ಇಂಗ್ಲಿಷ್ ಅದನ್ನು ಕಳೆದುಕೊಂಡಿತು, ವೆಲ್ಷ್ ಇಟ್ಟುಕೊಂಡಿದೆ.

ಹೆಜ್ಜೆ 3: ಒಬ್ಬರನ್ನೊಬ್ಬರು ಏನೆಂದು ಕರೆದರು ನೋಡಿ

ಹೊಸದಾಗಿ ಬಂದ ಸ್ಯಾಕ್ಸನ್ನರು ಅಲ್ಲಿದ್ದವರನ್ನು 'ವೆಆಲ್ಹ್' ಎಂದರು. ಅರ್ಥ: ಪರದೇಶಿ. ಬಂದವರು ಇದ್ದವರನ್ನೇ ಪರದೇಶಿ ಎಂದದ್ದು! ಆ ಪದದ ಬಹುವಚನವೇ ಇವತ್ತಿನ 'ವೇಲ್ಸ್'. ಮುಂದೆ ಅದಕ್ಕೆ 'ಗುಲಾಮ' ಎಂಬ ಅರ್ಥವೂ ಅಂಟಿತು. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಹೆಸರಿನ ಬಾಲದಲ್ಲಿರುವುದೂ ಅದೇ, ವಾಲ್‌ನಟ್‌ನ ತಲೆಯಲ್ಲಿರುವುದೂ ಅದೇ. ವಾಲ್‌ನಟ್ ಅಂದರೆ ಪರದೇಶಿ ಕಾಯಿ. ನಾವು ಸೀಮೆಬದನೆ, ಸೀಮೆಎಣ್ಣೆ ಅಂದಹಾಗೆ.

ವೆಲ್ಷರು ತಮ್ಮ ನಾಡನ್ನು ಕರೆದುಕೊಳ್ಳುವುದು 'ಕಮ್ರಿ' ಎಂದು, ಭಾಷೆಯನ್ನು 'ಕಮ್ರಾಯ್ಗ್' ಎಂದು. ಮೂಲದಲ್ಲಿ ಒಂದೇ ನಾಡಿನವರು, ನಮ್ಮೂರಿನವರು ಎಂಬ ಅರ್ಥ. ಇಂಗ್ಲಿಷಿಗೆ ಅವರು ಇವತ್ತಿಗೂ 'ಸ್ಯಾಕ್ಸನ್ನರ ಮಾತು' ಎಂದೇ ಹೇಳುತ್ತಾರೆ. ಎರಡು ಜನ ತಮ್ಮನ್ನು ಒಂದೇ ಕುಲ ಎಂದುಕೊಂಡಿರಲಿಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ಹೆಜ್ಜೆ 4: ಸಂಸ್ಕೃತ ಪದವನ್ನು ಮಧ್ಯಸ್ಥನಾಗಿ ಕೂರಿಸಿ

ಕೆಲಸ ಶುರುವಾಗುವುದು ಇಲ್ಲಿ. ನೋಟ್‌ಬುಕ್ಕಿನಲ್ಲಿ ಮೂರು ಕಾಲಮ್ ಎಳೆಯಿರಿ: ಸಂಸ್ಕೃತ, ವೆಲ್ಷ್, ಹಳೆಯ ಇಂಗ್ಲಿಷ್. ಕನ್ನಡ ಬೇರೆ ಕುಟುಂಬದ್ದು, ನಿಜ. ಆದರೆ ನಮ್ಮ ದಿನದ ಮಾತಿನಲ್ಲಿ ಓಡಾಡುವ ಸಂಸ್ಕೃತ ಪದಗಳು ಈ ಎರಡೂ ಭಾಷೆಗಳ ದಾಯಾದಿಗಳು. ಮೂರನೆಯ ಸಾಕ್ಷಿ ಸಿಕ್ಕರೆ ನಂಟು ತಾನಾಗಿ ಬಯಲಾಗುತ್ತದೆ.

ಮೊದಲು ಹಲ್ಲಿನಿಂದ ಶುರು ಮಾಡಿ. ದಂತ. ವೆಲ್ಷ್‌ನಲ್ಲಿ ಡಾಂಟ್. ಹಳೆಯ ಇಂಗ್ಲಿಷಿನಲ್ಲಿ ಟೋಥ್. ಆಮೇಲೆ ದಶ, ಡೇಗ್, ಟೀಎನ್. ದ್ವಿ, ಡೈ, ಟ್ವಾ. ಮೂರು ಸಲ ಒಂದೇ ಕತೆ: ಸಂಸ್ಕೃತದ 'ದ' ವೆಲ್ಷ್‌ನಲ್ಲಿ ಹಾಗೇ ಉಳಿದಿದೆ (ನಮ್ಮ ಒಪ್ಪಂದದಂತೆ ಅದನ್ನು 'ಡ' ಎಂದು ಬರೆದಿದ್ದೇನೆ, ಅಷ್ಟೇ), ಇಂಗ್ಲಿಷಿನಲ್ಲಿ 'ಟ' ಆಗಿದೆ.

ಈಗ 'ತ' ನೋಡಿ. ತ್ರಿ, ಟ್ರೀ, ಥ್ರೀ. ತ್ವಮ್, ಟೀ, ಥೂ. ತೆಳ್ಳಗೆ ಎಂಬ ಅರ್ಥದ ತನು, ಟೆನೈ, ಥುನ್ನೆ. ಇಂಗ್ಲಿಷ್ ಮತ್ತೆ ದಾರಿ ಬಿಟ್ಟಿದೆ, 'ತ' ಅಲ್ಲಿ 'ಥ' ಆಗಿದೆ.

ಇನ್ನು ನನಗೆ ತುಂಬಾ ಇಷ್ಟವಾದದ್ದು. ಶ್ವಾನ, ಕೀ, ಹುಂಡ್. ಮೂರೂ ನಾಯಿಯೇ. ಕಿವಿಗೆ ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನಿಸುತ್ತದೆ, ಅಲ್ವಾ? ಮುಂದಿನ ಸಾಲು ಬರೆಯಿರಿ: ಶತ, ಕಾಂಟ್, ಹುಂಡ್ರೆಡ್. ಇನ್ನೊಂದು: ಕೇಳುವುದಕ್ಕೆ ಸೇರಿದ ಶ್ರುತಿ, ಶ್ರವಣ, ವೆಲ್ಷ್‌ನಲ್ಲಿ ಕೇಳು ಎನ್ನಲು ಕ್ಲವೆಡ್, ಹಳೆಯ ಇಂಗ್ಲಿಷಿನಲ್ಲಿ ಜೋರಾಗಿ ಕೇಳಿಸುವುದಕ್ಕೆ ಹ್ಲೂಡ್, ಇವತ್ತಿನ 'ಲೌಡ್'. ಶ, ಕ, ಹ. ಮೂರು ಕಡೆಯೂ ಅದೇ ಸರದಿ. ನಂಟನ್ನು ತೋರಿಸುವುದು ಪದಗಳ ಹೋಲಿಕೆಯಲ್ಲ, ವ್ಯತ್ಯಾಸದ ಈ ಸರದಿ.

ಇಂಗ್ಲಿಷ್ ಕಡೆಯ ಈ ಬದಲಾವಣೆಗಳನ್ನು 1822ರಲ್ಲಿ ಜೇಕಬ್ ಗ್ರಿಮ್ ಪಟ್ಟಿ ಮಾಡಿ ತೋರಿಸಿದ. ಮಕ್ಕಳ ಕತೆಗಳನ್ನು ಕೂಡಿಸಿದ ಗ್ರಿಮ್ ಸೋದರರಲ್ಲಿ ಅಣ್ಣ ಅವನೇ. ಅದಕ್ಕೂ ಮೊದಲು 1786ರಲ್ಲಿ ಕಲ್ಕತ್ತೆಯಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕು ಎಂದವನು ವಿಲಿಯಂ ಜೋನ್ಸ್. ಅವನ ಅಪ್ಪ ವೇಲ್ಸ್‌ನ ಆಂಗಲ್‌ಸೀ ದ್ವೀಪದವನು. ವೃತ್ತದ ಲೆಕ್ಕದ 'ಪೈ' ಚಿಹ್ನೆಯನ್ನು 1706ರಲ್ಲಿ ಬಳಕೆಗೆ ತಂದ ಗಣಿತಜ್ಞನೂ ಆ ಅಪ್ಪನೇ. ಇದು ನಮ್ಮ ಹೋಲಿಕೆಗೆ ಬೇಕಿಲ್ಲ, ಆದರೂ ಹೇಳದೆ ಇರಲಾಗಲಿಲ್ಲ.

ಇನ್ನು 'ಪ'. ಇಲ್ಲಿ ಇಂಗ್ಲಿಷಿಗಿಂತ ವೆಲ್ಷ್ ಹೆಚ್ಚು ದೂರ ಹೋಗಿದೆ. ಪೂರ್ಣ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಫುಲ್, ಪ ಹೋಗಿ ಫ ಬಂದಿದೆ. ವೆಲ್ಷ್‌ನಲ್ಲಿ ಹ್ಲೌನ್. ಪ ಮಂಗಮಾಯ! ಕೆಲ್ಟಿಕ್ ಭಾಷೆಗಳೆಲ್ಲ ಬಹಳ ಹಿಂದೆಯೇ ಮೂಲದ 'ಪ'ವನ್ನು ಉದುರಿಸಿಕೊಂಡವು. ಮೊದಲು ಅದು ಉಸಿರಿನಂಥ 'ಹ'ಕಾರಕ್ಕೆ ಹತ್ತಿರವಾಗಿ, ಆಮೇಲೆ ಅದೂ ಹೋಯಿತು. ನಂಬಲು ಕಷ್ಟವೇ? ಹಳಗನ್ನಡದ 'ಪಾಲ್' ಹೊಸಗನ್ನಡದಲ್ಲಿ 'ಹಾಲು'. ಮಂಡ್ಯ ಕಡೆಯ ಹಳ್ಳಿಯಲ್ಲಿ ಕೇಳಿ, 'ಆಲು'. ಪ, ಹ, ಸೊನ್ನೆ. ಕೆಲ್ಟಿಕ್‌ನಲ್ಲಿ ಆದದ್ದು ನಮ್ಮ ಕಣ್ಣೆದುರಿಗೇ ಇಲ್ಲೂ ಆಗಿದೆ.

ಹಾಗಾದರೆ ವೆಲ್ಷ್‌ನಲ್ಲಿ ನಾಲ್ಕಕ್ಕೆ ಪೆಡ್ವಾರ್, ಐದಕ್ಕೆ ಪಿಂಪ್ ಎನ್ನುತ್ತಾರಲ್ಲ, ಅಲ್ಲಿ 'ಪ' ಎಲ್ಲಿಂದ ಬಂತು? ಒಳ್ಳೆಯ ಪ್ರಶ್ನೆ. ಅದು ಆಮೇಲೆ ಹುಟ್ಟಿದ ಪ. ಮೂಲದಲ್ಲಿ 'ಕ್ವ' ಎಂದಿದ್ದದ್ದು ವೆಲ್ಷ್‌ನಲ್ಲಿ ಪ ಆಗಿದೆ. ವೆಲ್ಷ್‌ನ ದಾಯಾದಿ ಐರಿಷ್‌ನಲ್ಲಿ ಅದೇ ಜಾಗದಲ್ಲಿ ಕ ಇದೆ. ಆದ್ದರಿಂದ ಪಂಚ ಮತ್ತು ಪಿಂಪ್ ನಂಟರು ಹೌದು, ಆದರೆ ಅವುಗಳ ಮೊದಲ 'ಪ' ಬೇರೆ ಬೇರೆ. ಕಣ್ಣಿಗೆ ಕಂಡ ಹೋಲಿಕೆಯನ್ನು ಹಾಗೇ ನಂಬಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

'ಸ' ಒಂದು ಬಾಕಿ. ವೆಲ್ಷ್‌ನಲ್ಲಿ ಪದದ ಮೊದಲ ಸ ಸಾಮಾನ್ಯವಾಗಿ ಹ ಆಗುತ್ತದೆ. ಸೂರ್ಯ ಹೈಲ್ ಆಗಿದ್ದಾನೆ, ಇಂಗ್ಲಿಷಿನಲ್ಲಿ ಸುನ್ನೆ. ಉಪ್ಪು ವೆಲ್ಷ್‌ನಲ್ಲಿ ಹಾಲೆನ್, ಇಂಗ್ಲಿಷಿನಲ್ಲಿ ಸೆಆಲ್ಟ್. ಸನಾತನದಲ್ಲಿರುವ ಸನ, ಅಂದರೆ ಹಳೆಯ, ವೆಲ್ಷ್‌ನಲ್ಲಿ ಹೇನ್. ಪರ್ಷಿಯನ್ನರ ಬಾಯಲ್ಲಿ ಸಿಂಧು ಹಿಂದು ಆದ ಹಾಗೆ. ಎಲ್ಲ ಪದಗಳೂ ಈ ಮಾತು ಕೇಳುವುದಿಲ್ಲ. ಏಳಕ್ಕೆ ವೆಲ್ಷ್‌ನಲ್ಲಿ ಈಗಲೂ ಸೈಥ್, ನಮ್ಮ ಸಪ್ತದ ಹಾಗೆ ಸಕಾರದಿಂದಲೇ.

ಕಲಿತದ್ದನ್ನು ಒಂದೇ ಪದದಲ್ಲಿ ಪರೀಕ್ಷೆ ಮಾಡಿಕೊಳ್ಳಿ. ಆಕ್ಸ್‌ಫರ್ಡ್ ಊರಿನ ಹಳೆಯ ಹೆಸರು ಒಕ್ಸೆನಫೋರ್ಡ್: ಎತ್ತುಗಳು ಹೊಳೆ ದಾಟುವ ಜಾಗ. ವೆಲ್ಷ್‌ನಲ್ಲಿ ಆ ಊರು ರ್ಹೀಡ್-ಅಖೆನ್. ಅರ್ಥ ಅದೇ. ಅಖೆನ್ ಎಂದರೆ ಎತ್ತುಗಳು, ಒಕ್ಸೆನ್‌ನ ನಂಟ, ಸಂಸ್ಕೃತದ ಉಕ್ಷನ್‌ಗೂ ನಂಟ. ರ್ಹೀಡ್ ಎಂದರೆ ಹೊಳೆ ದಾಟುವ ಜಾಗ. ಅದು ಫೋರ್ಡ್‌ನ ನಂಟ ಎಂದರೆ ಮೊದಲು ನಗು ಬರುತ್ತದೆ. ಆದರೆ ಮೂಲದಲ್ಲಿ ಅದರ ಮುಂದೆ ಪ ಇತ್ತು. ಇಂಗ್ಲಿಷಿನಲ್ಲಿ ಫ ಆಯಿತು, ವೆಲ್ಷ್‌ನಲ್ಲಿ ಉದುರಿತು. ಎರಡೂ ಹೆಸರಿನ ಎರಡೂ ತುಂಡು ಒಂದೇ ಬೇರಿನವು. ಜೋಡಿಸಿದ ಸಾಲು ಮಾತ್ರ ತಿರುವುಮುರುವು.

ಹೆಜ್ಜೆ 5: ಸಾಲದ ಪದಗಳನ್ನು ಸೋಸಿ ತೆಗೆಯಿರಿ

ಮೂರು ಕಾಲಮ್ಮಿನ ಪಟ್ಟಿಯಲ್ಲಿ ಕೆಲವು ಪದಗಳು ಅತಿ ಚೆನ್ನಾಗಿ ಹೊಂದಿಕೊಂಡಿರುತ್ತವೆ. ಅಂಥವನ್ನು ಅನುಮಾನದಿಂದ ನೋಡಿ. ವೆಲ್ಷ್‌ನಲ್ಲಿ ಚೀಸ್‌ಗೆ ಕೌಸ್, ವೈನ್‌ಗೆ ಗ್ವೀನ್. ಹಳೆಯ ಇಂಗ್ಲಿಷಿನಲ್ಲಿ ಚೇಸೆ, ವೀನ್. ಇದು ರಕ್ತಸಂಬಂಧವಲ್ಲ, ಇಬ್ಬರೂ ರೋಮನ್ನರ ಅಂಗಡಿಯಲ್ಲಿ ಸಾಲ ತಂದದ್ದು. ನಾವು ಮತ್ತು ಮರಾಠಿಯವರು ಇಬ್ಬರೂ ಪಾರಸಿಯಿಂದ 'ಅರ್ಜಿ' ತಂದುಕೊಂಡ ಹಾಗೆ.

ವೆಲ್ಷ್‌ನಲ್ಲಿ ಲ್ಯಾಟಿನ್ ಸಾಲ ಇನ್ನೂ ಆಳಕ್ಕೆ ಇಳಿದಿದೆ. ಸೇತುವೆಗೆ ಪೋಂಟ್, ಕಿಟಕಿಗೆ ಫೆನೆಸ್ಟರ್, ಮೀನಿಗೆ ಪಸ್ಗೋಡ್. ತೋಳಿಗೂ ಲ್ಯಾಟಿನ್ ಪದವೇ: ಬ್ರೈಖ್. ಮೈಯ ಅಂಗಗಳ ಹೆಸರು ಯಾವ ಭಾಷೆಯೂ ಸಾಲ ತರುವುದಿಲ್ಲ ಎಂದು ಯಾರಾದರೂ ಹೇಳಿದರೆ ಈ ತೋಳನ್ನು ತೋರಿಸಿ. ಸುಮಾರು ಮುನ್ನೂರೈವತ್ತು ವರ್ಷ ರೋಮನ್ ಆಳ್ವಿಕೆಯಲ್ಲಿದ್ದ ಜನ ಅವರು. ಮೀನಿನ ಪದವನ್ನು ನಮ್ಮ ನಿಯಮದಿಂದಲೇ ಹಿಡಿಯಬಹುದಿತ್ತು: ಸ್ವಂತ ಪದವಾಗಿದ್ದರೆ ಮೊದಲ ಪ ಉದುರಿರಬೇಕಿತ್ತು. ಐರಿಷ್‌ನ ಸ್ವಂತ ಪದ 'ಈಅಸ್ಕ್'ನಲ್ಲಿ ಉದುರಿದೆ.

ಇಂಗ್ಲಿಷಿನಿಂದ ವೆಲ್ಷ್‌ಗೆ ಹೋದವೂ ಇವೆ. ಹಳೆಯ ಇಂಗ್ಲಿಷಿನಲ್ಲಿ ಗಿಡುಗಕ್ಕೆ ಹೆಆವೊಕ್, ಅದು ವೆಲ್ಷ್‌ಗೆ ಹೋಗಿ ಹೆಬೋಗ್ ಆಗಿದೆ. ಪ್ರವಾಸಿಗರಿಗೆ ಗೊತ್ತಿರುವ ಬೆಟುಸ್-ಅ-ಕೋಯ್ಡ್ ಎಂಬ ಊರಿದೆ, ಕಾಡಿನ ನಡುವಿನ ಪ್ರಾರ್ಥನೆಯ ಮನೆ ಎಂದು ಅರ್ಥ. ಅದರ 'ಬೆಟುಸ್' ವೆಲ್ಷ್ ಅಲ್ಲವೇ ಅಲ್ಲ, ಹಳೆಯ ಇಂಗ್ಲಿಷಿನ 'ಬೆಡ್ ಹೂಸ್'.

ಹೆಜ್ಜೆ 6: ವ್ಯಾಕರಣಕ್ಕೆ ಬನ್ನಿ, ಸಂಧಿಯಿಂದ ಶುರು ಮಾಡಿ

ವೆಲ್ಷ್ ಕಲಿಯುವ ಇಂಗ್ಲಿಷರು ಬೆವರುವುದು ಇಲ್ಲಿ. ಆ ಭಾಷೆಯಲ್ಲಿ ಪದದ ಮೊದಲ ಅಕ್ಷರವೇ ಬದಲಾಗುತ್ತದೆ. ಬೆಕ್ಕಿಗೆ ಕಾಥ್. ಅವನ ಬೆಕ್ಕು 'ಈ ಗಾಥ್'. ಅವಳ ಬೆಕ್ಕು 'ಈ ಖಾಥ್'. ನನ್ನ ಬೆಕ್ಕು 'ವ ಙ್ಹಾಥ್'. ಅವನ, ಅವಳ ಎರಡಕ್ಕೂ ಒಂದೇ 'ಈ'. ಬೆಕ್ಕು ಯಾರದ್ದು ಎಂದು ಬೆಕ್ಕಿನ ಮೊದಲ ಅಕ್ಷರ ಹೇಳಬೇಕು! ಹೊಸಬರು ನಿಘಂಟಿನಲ್ಲಿ 'ಗಾಥ್' ಹುಡುಕಿ ಸಿಗದೆ ತಲೆ ಚಚ್ಚಿಕೊಳ್ಳುತ್ತಾರೆ. ಮೊದಲ ಸಲ ನಾನೂ ಹುಡುಕಿದ್ದೆ.

ಆಮೇಲೆ ಪಟ್ಟಿ ನೋಡಿದೆ. ಮೆದುವಾಗುವ ಬದಲಾವಣೆಯಲ್ಲಿ ಕ, ಟ, ಪ ಗಳು ಗ, ಡ, ಬ ಆಗುತ್ತವೆ. ಬ ಮತ್ತು ಮ ಗಳು ವ ಆಗುತ್ತವೆ. ಇದನ್ನು ಎಲ್ಲೋ ಓದಿದ್ದೇನಲ್ಲ? ಕ, ತ, ಪ ಗಳಿಗೆ ಗ, ದ, ಬ. ಪ, ಬ, ಮ ಗಳಿಗೆ ವ. ನಮ್ಮ ಆದೇಶ ಸಂಧಿ! ಮಳೆಗಾಲ, ಬೆಟ್ಟದಾವರೆ, ಕಂಬನಿ, ಮೆಲ್ವಾತು. ಹತ್ತನೇ ಕ್ಲಾಸಿನಲ್ಲಿ ಎರಡು ಮಾರ್ಕಿಗೆ ಬರೆದದ್ದು ಇಲ್ಲಿ ಉಪಯೋಗಕ್ಕೆ ಬಂತು.

ಎರಡು ಜೋಡಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಹಳೆಯ ಕನ್ನಡ ಎನ್ನಲು ನಾವು ಹಳ ಮತ್ತು ಕನ್ನಡ ಸೇರಿಸಿ 'ಹಳಗನ್ನಡ' ಎನ್ನುತ್ತೇವೆ. ಹಳೆಯ ವೆಲ್ಷ್ ಎನ್ನಲು ಅವರು ಹೇನ್ ಮತ್ತು ಕಮ್ರಾಯ್ಗ್ ಸೇರಿಸಿ 'ಹೇನ್ ಗಮ್ರಾಯ್ಗ್' ಎನ್ನುತ್ತಾರೆ. ಕ ಎರಡು ಕಡೆಯೂ ಗ. ಇನ್ನೊಂದು: ಐದು ಹತ್ತು ಸೇರಿ ಐ-ಪತ್ತು ಅಲ್ಲ, ಐವತ್ತು. ಅವರ ಎರಡು ಹತ್ತು ಡೈ-ಡೇಗ್ ಅಲ್ಲ, ಡೈ-ದೇಗ್. ಅದೇ ಅವರ ಇಪ್ಪತ್ತು.

ಇದನ್ನು ನಂಟು ಎಂದುಕೊಳ್ಳಬೇಡಿ. ಕನ್ನಡಕ್ಕೂ ವೆಲ್ಷ್‌ಗೂ ಯಾವ ಸಂಬಂಧವೂ ಇಲ್ಲ. ಎರಡು ಸ್ವರಗಳ ನಡುವೆ ಸಿಕ್ಕಿಕೊಂಡ ಗಟ್ಟಿ ವ್ಯಂಜನ ಮೆದುವಾಗುವುದು ಮನುಷ್ಯರ ಬಾಯಿಗೆ ಸಹಜ. ವೆಲ್ಷ್‌ನಲ್ಲಿ ಆದದ್ದು ಇಷ್ಟು: 'ಅವನ' ಎಂಬ ಪದ ಹಿಂದೆ ಸ್ವರದಿಂದ ಮುಗಿಯುತ್ತಿತ್ತು, 'ಅವಳ' ಎಂಬುದು 'ಸ್'ನಿಂದ. ಮುಂದಿನ ಪದದ ಮೊದಲಕ್ಷರ ಅದಕ್ಕೆ ತಕ್ಕಂತೆ ಬದಲಾಗುತ್ತಿತ್ತು. ಕಾಲ ಕಳೆದ ಮೇಲೆ ಆ ಕೊನೆಗಳು ಉದುರಿ ಎರಡು ಪದವೂ ಒಂದೇ ಆದವು. ಮೊದಲಕ್ಷರದ ಬದಲಾವಣೆ ಮಾತ್ರ ನಿಂತಿತು. ಮಳೆ ನಿಂತ ಮೇಲೂ ಮರದಿಂದ ಹನಿ ಬೀಳುತ್ತಲ್ಲ, ಹಾಗೆ.

ಹಳೆಯ ಇಂಗ್ಲಿಷಿನಲ್ಲಿ ಇಂಥ ಮೊದಲಕ್ಷರದ ಆಟ ಇಲ್ಲವೇ ಇಲ್ಲ. ಎರಡು ಭಾಷೆಗಳನ್ನು ಒಂದೇ ನೋಟದಲ್ಲಿ ಬೇರೆ ಮಾಡಿ ಎಂದರೆ ನಾನು ತೋರಿಸುವುದು ಇದನ್ನೇ.

ಆದರೆ ಪದದ ನಡುವಿನ ಸ್ವರದಲ್ಲಿ ಇಬ್ಬರೂ ಒಂದೇ ಆಟ ಆಡಿದ್ದಾರೆ. ಇಂಗ್ಲಿಷಿನಲ್ಲಿ ಪಾದ ಫೋಟ್, ಪಾದಗಳು ಫೇಟ್. ವೆಲ್ಷ್‌ನಲ್ಲಿ ಕವಿ ಬಾರ್ದ್, ಕವಿಗಳು ಬೈರ್ದ್. ಆಡು ಗಾವರ್, ಆಡುಗಳು ಗೈವರ್. ಎರಡು ಕಡೆಯೂ ಕಾರಣ ಒಂದೇ: ಬಹುವಚನದ ಕೊನೆಯಲ್ಲಿ ಹಿಂದೆ 'ಇ' ಇತ್ತು. ಅದು ಹಿಂದಿನ ಸ್ವರವನ್ನು ತನ್ನ ಕಡೆಗೆ ಎಳೆದುಕೊಂಡು, ಆಮೇಲೆ ತಾನು ಬಿದ್ದುಹೋಯಿತು. ಇದೂ ನಂಟಿನಿಂದ ಬಂದದ್ದಲ್ಲ, ಸಾಲವೂ ಅಲ್ಲ. ನೋಟ್‌ಬುಕ್ಕಿನಲ್ಲಿ 'ತಾನಾಗಿ ಆದದ್ದು' ಎಂದು ಮೂರನೆಯ ಗುಂಪು ಮಾಡಿ ಅಲ್ಲಿ ಬರೆದಿಡಿ.

ಹೆಜ್ಜೆ 7: ನಾಯಿಯನ್ನು ನೋಡಿದ್ದು ಯಾರು?

'ಮನುಷ್ಯ ನಾಯಿಯನ್ನು ನೋಡಿದ.' ಇದನ್ನು 'ನಾಯಿಯನ್ನು ಮನುಷ್ಯ ನೋಡಿದ' ಎಂದರೂ ಅರ್ಥ ಕೆಡುವುದಿಲ್ಲ. 'ಅನ್ನು' ಕಾವಲಿದೆ. ಹಳೆಯ ಇಂಗ್ಲಿಷ್ ಹೀಗೇ ಇತ್ತು. 'ಸೆ ಮನ್ ಯೆಸೆಆಹ್ ಥೊನೆ ಹುಂಡ್'. ಇಲ್ಲಿ 'ಸೆ' ನೋಡಿದವನ ಗುರುತು, 'ಥೊನೆ' ನೋಡಿಸಿಕೊಂಡವನ ಗುರುತು. 'ಥೊನೆ ಹುಂಡ್ ಯೆಸೆಆಹ್ ಸೆ ಮನ್' ಎಂದರೂ ನೋಡಿದವನು ಮನುಷ್ಯನೇ. ಇವತ್ತಿನ ಇಂಗ್ಲಿಷ್ ಬಲ್ಲವರಿಗೆ ಇದು ವಿಚಿತ್ರ, ನಮಗಲ್ಲ. ಮುಖ್ಯವಾಗಿ ನಾಲ್ಕು ವಿಭಕ್ತಿ, ಮೂರು ಲಿಂಗ. ಲಿಂಗದ ವಿಷಯದಲ್ಲಿ ಮಾತ್ರ ಕನ್ನಡದ ಬುದ್ಧಿ ಓಡಿಸಬೇಡಿ. ಅಲ್ಲಿ ಸೂರ್ಯ ಹೆಣ್ಣು, ಚಂದ್ರ ಗಂಡು, 'ವೀಫ್' ಅಂದರೆ ಹೆಂಗಸು ನಪುಂಸಕ ಲಿಂಗ!

ವೆಲ್ಷ್ ಬರಹದಲ್ಲಿ ಸಿಗುವ ಹೊತ್ತಿಗಾಗಲೇ ವಿಭಕ್ತಿಗಳನ್ನು ಕಳೆದುಕೊಂಡಿತ್ತು. ಅಲ್ಲಿ ಕ್ರಿಯಾಪದ ಮೊದಲು ಬರುತ್ತದೆ. 'ಗ್ವೆಲೊದ್ ಅ ಡೀನ್ ಅ ಕೀ': ನೋಡಿದ, ಮನುಷ್ಯ, ನಾಯಿ. ಅದಲುಬದಲು ಮಾಡಿದರೆ ನಾಯಿಯೇ ಮನುಷ್ಯನನ್ನು ನೋಡಿಬಿಡುತ್ತದೆ. ವಿಶೇಷಣವೂ ಸಾಮಾನ್ಯವಾಗಿ ಹಿಂದೆ: 'ನಾಯಿ ಕಪ್ಪು' ಎನ್ನುವ ಕ್ರಮ. ಇಂಗ್ಲಿಷಿನಲ್ಲಿ ಆಗಲೂ ಈಗಲೂ ಮುಂದೆ. ರ್ಹೀಡ್-ಅಖೆನ್ ತಿರುವುಮುರುವಾದದ್ದೂ ಇದೇ ಗುಣದಿಂದ.

ಆದರೆ ವೆಲ್ಷ್ ನಮಗೆ ಇನ್ನೊಂದು ಕಡೆ ಹತ್ತಿರ. 'ನನ್ನ ಹತ್ತಿರ ನಾಯಿ ಇದೆ' ಎನ್ನಲು ಹಳೆಯ ಇಂಗ್ಲಿಷಿನಲ್ಲಿ 'ಇಚ್ ಹ್ಯಾಬ್ಬೆ ಹುಂಡ್', ಇವತ್ತಿನ 'ಐ ಹ್ಯಾವ್' ತರಹವೇ. ವೆಲ್ಷ್‌ನಲ್ಲಿ 'ಹ್ಯಾವ್' ಎಂಬ ಕ್ರಿಯಾಪದವೇ ಇಲ್ಲ. 'ಮೈ ಗೆನ್ ಇ ಗೀ': ಇದೆ, ನನ್ನ ಹತ್ತಿರ, ನಾಯಿ. ಪ್ರಶ್ನೆಗೆ ಉತ್ತರ ಕೊಡುವಾಗಲೂ ಅವರು ಹೌದು-ಅಲ್ಲ ಎನ್ನುವುದಕ್ಕಿಂತ ಕ್ರಿಯಾಪದವನ್ನೇ ತಿರುಗಿ ಹೇಳುವುದು ಜಾಸ್ತಿ. ನಾವು "ಊಟ ಆಯ್ತಾ?" ಅಂದರೆ "ಆಯ್ತು" ಎನ್ನುವ ಹಾಗೆ.

ಹೆಜ್ಜೆ 8: ಒಂದೇ ವಾಕ್ಯವನ್ನು ಎರಡರಲ್ಲೂ ಓದಿ

ಎರಡೂ ಭಾಷೆಯಲ್ಲಿ ಸಿಗುವ ಒಂದೇ ಪಠ್ಯ ಬೇಕೆಂದರೆ ಬೈಬಲ್ಲೇ ಸುಲಭ. ಯೇಸು ಕಲಿಸಿದ ಪ್ರಾರ್ಥನೆಯ ಮೊದಲ ಸಾಲು ತೆಗೆದುಕೊಳ್ಳಿ: ಸ್ವರ್ಗದಲ್ಲಿರುವ ನಮ್ಮ ತಂದೆಯೇ, ನಿನ್ನ ಹೆಸರು ಪವಿತ್ರವಾಗಲಿ.

ಸುಮಾರು 1000ದ ಇಂಗ್ಲಿಷ್: 'ಫ್ಯಾಡರ್ ಊರೆ, ಥೂ ಥೆ ಎಆರ್ಟ್ ಒನ್ ಹೆಒವೊನುಮ್, ಸೀ ಥೀನ್ ನಮ ಯೆಹಾಲ್ಗೊಡ್.'

ವೆಲ್ಷ್: 'ಐನ್ ಟಾಡ್, ಅರ್ ಹೂನ್ ವುಇಟ್ ಅನ್ ಅ ನೆವೋಯ್ದ್, ಸಾಂಕ್ಟೈದ್ಯೆರ್ ಡ ಎನು.'

ವೆಲ್ಷ್‌ನದು 1588ರಲ್ಲಿ ವಿಲಿಯಂ ಮಾರ್ಗನ್ ಮಾಡಿದ ಅನುವಾದದ ಸಂಪ್ರದಾಯದ್ದು. ಇಂಗ್ಲಿಷಿಗಿಂತ ಸುಮಾರು ಆರುನೂರು ವರ್ಷ ಆಮೇಲಿನದು. ತೂಕ ಸಮ ಇಲ್ಲ, ಒಪ್ಪುತ್ತೇನೆ. ಆದರೂ ಕಲಿಯಲು ಅಡ್ಡಿಯಿಲ್ಲ.

ಒಂದೊಂದೇ ಪದ ಹಿಡಿಯಿರಿ. ಫ್ಯಾಡರ್: ಪಿತೃವಿನ ಪ ಇಲ್ಲಿ ಫ. ಟಾಡ್: ಇದು ಮಕ್ಕಳ ತೊದಲಿನಿಂದ ಬಂದ ಪದ, ಪಿತೃವಿಗೆ ಸಂಬಂಧವಿಲ್ಲ. ಹೆಒವೊನುಮ್: ಕೊನೆಯ 'ಉಮ್' ಬಹುವಚನದ ವಿಭಕ್ತಿ ಪ್ರತ್ಯಯ. ನೆವೋಯ್ದ್: ಬಹುವಚನ ಹೌದು, ವಿಭಕ್ತಿ ಇಲ್ಲ. ಯೆಹಾಲ್ಗೊಡ್: 'ಹೋಲಿ' ಎಂಬ ಇಂಗ್ಲಿಷಿನ ಸ್ವಂತ ಪದದಿಂದ. ಸಾಂಕ್ಟೈದ್ಯೆರ್: ಲ್ಯಾಟಿನ್‌ನ 'ಸಾಂಕ್ಟುಸ್' ಸಾಲ, ರೋಮನ್ ಗುರುತು. ಕೊನೆಗೆ ನಮ ಮತ್ತು ಎನು. ಎರಡೂ ನಮ್ಮ 'ನಾಮ'ದ ನಂಟರು. ಇಂಗ್ಲಿಷಿನದ್ದು ಮುಖ ನೋಡಿದರೇ ಗೊತ್ತಾಗುತ್ತದೆ, ವೆಲ್ಷ್‌ನದ್ದು ಸವೆದು ಹೋಗಿದೆ. ನಂಟು, ಸಾಲ, ಹೊಸ ಹುಟ್ಟು ಎಲ್ಲವೂ ಒಂದೇ ಸಾಲಿನಲ್ಲಿ ಸಿಕ್ಕವು.

ಹೆಜ್ಜೆ 9: ಪಕ್ಕದ ಮನೆಯವರ ಪ್ರಭಾವ ಹುಡುಕಿ, ಆದರೆ ಮೆಲ್ಲಗೆ

ಸಾವಿರ ವರ್ಷಕ್ಕೂ ಹೆಚ್ಚು ಕಾಲ ಬೇಲಿ ಹಂಚಿಕೊಂಡವರು. ಆದರೂ ಹಳೆಯ ಇಂಗ್ಲಿಷಿನಲ್ಲಿ ಕೆಲ್ಟಿಕ್ ಪದಗಳು ಬೆರಳೆಣಿಕೆಯಷ್ಟು. ಬ್ಯಾಜರ್ ಪ್ರಾಣಿಗೆ ಬ್ರೋಕ್, ಕಣಿವೆಗೆ ಕುಂಬ್, ಇನ್ನು ಕೆಲವು. ಗೆದ್ದವರು ಸೋತವರ ಮಾತು ಕಲಿಯುವ ಗೋಜಿಗೆ ಹೋಗಲಿಲ್ಲ ಎನ್ನುವುದು ಸಾಮಾನ್ಯ ವಿವರಣೆ. ಆದರೆ ಹೆಸರು ಸಿಕ್ಕಿರುವ ಮೊದಲ ಇಂಗ್ಲಿಷ್ ಕವಿ, ಏಳನೆಯ ಶತಮಾನದ ಕ್ಯಾಡ್ಮನ್. ಅವನ ಹೆಸರು ಕೆಲ್ಟಿಕ್. ಸ್ಯಾಕ್ಸನ್ನರ ವೆಸೆಕ್ಸ್ ರಾಜ್ಯದ ರಾಜವಂಶಕ್ಕೆ ಮೂಲಪುರುಷ ಎನ್ನಿಸಿಕೊಂಡ ಕೆರ್ಡಿಕ್‌ನ ಹೆಸರೂ ಅಷ್ಟೇ. ಅಂದಮೇಲೆ ಅಡುಗೆಮನೆಯಲ್ಲಿ, ತೊಟ್ಟಿಲ ಪಕ್ಕದಲ್ಲಿ ಯಾವ ಮಾತು ಆಡುತ್ತಿದ್ದರೋ.

ವ್ಯಾಕರಣದಲ್ಲಿ ಒಂದು ಸುಳಿವಿದೆ. ಹಳೆಯ ಇಂಗ್ಲಿಷಿನಲ್ಲಿ 'ಇದೆ'ಗೆ ಒಂದು ರೂಪ, 'ಇರುತ್ತದೆ'ಗೆ ಇನ್ನೊಂದು. ಮೊದಲನೆಯದು ಇಸ್, ಎರಡನೆಯದು ಬಿದ್. ಯಾವಾಗಲೂ ಹೀಗಿರುತ್ತದೆ, ಮುಂದೆ ಹೀಗಿರುತ್ತದೆ ಎನ್ನಲು 'ಬಿದ್'. ಜರ್ಮನ್ ಮುಂತಾದ ಇಂಗ್ಲಿಷಿನ ಸೋದರಿಯರಲ್ಲಿ ಹೀಗೆ ಎರಡು ಪೂರ್ತಿ ಸೆಟ್ ಇಲ್ಲ. ವೆಲ್ಷ್‌ನಲ್ಲಿ ಇದೆ, ಅಲ್ಲಿ ಅದು 'ಬೀದ್', ಬಳಕೆಯೂ ಅದೇ. 1955ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಮಾಡಿದ ಒಂದು ಉಪನ್ಯಾಸದಲ್ಲಿ 'ಲಾರ್ಡ್ ಆಫ್ ದ ರಿಂಗ್ಸ್' ಬರೆದ ಟೋಲ್ಕಿನ್ ಇದನ್ನು ಎತ್ತಿ ತೋರಿಸಿದ್ದರು. ಇದು ವೆಲ್ಷ್ ಪೂರ್ವಿಕರ ಪ್ರಭಾವವೇ ಎಂಬುದರ ಬಗ್ಗೆ ಪಂಡಿತರಲ್ಲಿ ಇನ್ನೂ ಜಗಳವಿದೆ. ನನಗೆ ಪ್ರಭಾವ ಹೌದು ಎನ್ನುವ ಪಕ್ಷದವರ ವಾದ ಹಿಡಿಸುತ್ತದೆ. ಆದರೆ ನಿಮ್ಮ ನೋಟ್‌ಬುಕ್ಕಿನಲ್ಲಿ ಪಕ್ಕಕ್ಕೊಂದು ಪ್ರಶ್ನೆ ಚಿಹ್ನೆ ಇರಲಿ.

ಹೆಚ್ಚು ಖಚಿತ ಸಾಕ್ಷಿ ಬೇಕೆಂದರೆ ಇಂಗ್ಲೆಂಡಿನ ಮ್ಯಾಪ್ ತೆರೆಯಿರಿ. ಜನ ಬದಲಾದರೂ ಹೊಳೆಗಳು ಹಳೆಯ ಹೆಸರನ್ನೇ ಇಟ್ಟುಕೊಂಡಿವೆ. ಏವನ್ ಎಂಬ ನದಿಗಳು ಹಲವಾರು ಸಿಗುತ್ತವೆ. ವೆಲ್ಷ್‌ನಲ್ಲಿ 'ಆವೊನ್' ಎಂದರೆ ನದಿ. 'ರಿವರ್ ಏವನ್' ಎಂದರೆ ನದಿ ನದಿ. ಲ್ಯಾಂಕಷೈರ್‌ನ ಪೆಂಡಲ್ ಹಿಲ್ ಇನ್ನೂ ಮಜಾ: 'ಪೆನ್' ಎಂದರೆ ಕೆಲ್ಟಿಕ್‌ನಲ್ಲಿ ಗುಡ್ಡದ ತಲೆ. ಅರ್ಥ ಮರೆತ ಇಂಗ್ಲಿಷರು ಅದಕ್ಕೆ 'ಹುಲ್' ಸೇರಿಸಿದರು, ಅದೂ ಗುಡ್ಡವೇ. ಎರಡೂ ಸವೆದು ಪೆಂಡಲ್ ಆದ ಮೇಲೆ ಮತ್ತೊಂದು 'ಹಿಲ್'. ನಗುವ ಮೊದಲು ನಮ್ಮ ನೀಲಗಿರಿ ಬೆಟ್ಟ ನೆನಪಿರಲಿ.

ಮ್ಯಾಪಿನಲ್ಲಿ ಕೊನೆಯದಾಗಿ ಸೆವರ್ನ್ ನದಿ ಹುಡುಕಿ. ವೇಲ್ಸ್‌ನ ಗುಡ್ಡಗಳಲ್ಲಿ ಹುಟ್ಟಿ ಇಂಗ್ಲೆಂಡಿನೊಳಕ್ಕೆ ಹರಿದು ಬ್ರಿಸ್ಟಲ್ ಕಡಲಿಗೆ ಸೇರುತ್ತದೆ. ರೋಮನ್ನರು ಅದನ್ನು ಸಬ್ರಿನಾ ಎಂದು ಬರೆದರು. ವೆಲ್ಷ್‌ನಲ್ಲಿ ಅದೇ ನದಿಗೆ ಹಾವ್ರೆನ್. ಸ ಎಲ್ಲಿ ಹೋಯಿತು, ಬ ಯಾಕೆ ವ ಆಯಿತು ಎಂದು ಈಗ ನಾನು ಹೇಳಬೇಕಾಗಿಲ್ಲ.